ಅರ್ಥ ಇವತ್ತು, ಶಬ್ದ ನಾಳೆ

ಅವರ ಹೆಸರು ಬರೆಯುವುದಿಲ್ಲ. ಬರೆದರೆ, "ನನ್ನ ಕೇಳದನ ಬರದೀರೇನ್ರಿ?" ಎಂದು ಮೇಲಿನಿಂದಲೇ ಗದರಿಸಿಯಾರು. ಮೇಲೆ ಎಂದರೆ ಈಗ ದೇವರ ಹತ್ತಿರ. ಹೋದ ತಿಂಗಳವರೆಗೆ ಮೇಲೆ ಎಂದರೆ ನಮ್ಮ ಅಡುಗೆಮನೆಯ ನೆತ್ತಿಯ ಮೇಲಿನ ಮನೆ. ನಾವು ಅವರನ್ನು ಅಕ್ಕೋರು ಎನ್ನುತ್ತಿದ್ದೆವು; ನಮ್ಮ ವಿಜಯಪುರದ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಹಾಗೇ ಅನ್ನುವುದು. ಅವರು ಮಾತ್ರ ಯಾವ ಸಾಲಿಯಲ್ಲೂ ಕಲಿಸಿದವರಲ್ಲ. ಹುಡುಗಿಯಾಗಿದ್ದಾಗಲೇ ಧಾರವಾಡದಿಂದ ಪುಣೆಗೆ ಬಂದು, ಒಂದು ಕಂಪನಿಯ ಆಫೀಸಿನಲ್ಲಿ ದೊಡ್ಡ ಸಾಹೇಬರ ಪತ್ರಗಳನ್ನು ಟೈಪ್ ಮಾಡುತ್ತಾ ನಿವೃತ್ತರಾದವರು. ಮದುವೆಯಾಗಿರಲಿಲ್ಲ. ಹಡಪಸರದ ನಮ್ಮ ಕಟ್ಟಡದಲ್ಲಿ ಅವರ ಬಗ್ಗೆ ಎಲ್ಲರಿಗೂ ಗೊತ್ತಿದ್ದದ್ದು ಇಷ್ಟೇ.

ನನಗೆ ಗೊತ್ತಿದ್ದದ್ದು ಇನ್ನೊಂದು. ಬೆಳಿಗ್ಗೆ ನಾನು ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಮೇಲೆ ಕಟ್ಟಿಗೆಯ ಕುರ್ಚಿ ಎಳೆಯುವ ಸದ್ದಾಗುತ್ತಿತ್ತು. ಗ್ಯಾಲರಿಗೆ ಕುರ್ಚಿ ಎಳೆದುಕೊಂಡು ಪೇಪರ್ ಓದಲು ಕೂಡುತ್ತಿದ್ದರು. ಆ ಸದ್ದು ಕೇಳಿದರೆ, ನಮ್ಮ ಮೇಲೊಂದು ಜೀವ ಎದ್ದು ಕೂತಿದೆ ಎಂದು ನನಗೊಂದು ಸಮಾಧಾನ.

ಅವರ ಮನೆಯ ಮೆಟ್ಟಿಲು ನನ್ನಿಂದ ಹತ್ತಿಸಿದ್ದು ಮಗಳ ಚೀಟಿಗಳು. ಮಗಳು ಆಗ ಎಂ.ಬಿ.ಎ. ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ಒಂದು ಕಠಿಣ ಇಂಗ್ಲಿಷ್ ಶಬ್ದ, ಅದರ ಕೆಳಗೆ ಅರ್ಥ, ಅದರ ಕೆಳಗೆ ಉದಾಹರಣೆಗೊಂದು ವಾಕ್ಯ ಬರೆದು ಫ್ರಿಜ್ಜಿಗೆ, ಕನ್ನಡಿಗೆ, ಕೊನೆಗೆ ನನ್ನ ಹಿಟ್ಟಿನ ಡಬ್ಬಿಗೂ ಅಂಟಿಸಿದ್ದಳು. ನಾನು ಕನ್ನಡ ಸಾಲಿಯಲ್ಲಿ ಕಲಿತವಳು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಲು ಬರುತ್ತದೆ, ಅದಕ್ಕಿಂತ ಮುಂದೆ ಹೋಗುವ ಪ್ರಸಂಗ ಬಂದಿರಲಿಲ್ಲ. ರೊಟ್ಟಿ ಬಡಿಯುವಾಗ ಆ ಡಬ್ಬಿಯ ಚೀಟಿ ದಿನಾ ಕಣ್ಣೆದುರು. ಲೊಕ್ವೇಶಸ್ ಎಂದು ಶಬ್ದ. ವಿಪರೀತ ಮಾತಾಡುವವ ಎಂದು ಅರ್ಥ. ರಾಯಭಾರಿ ಊಟದ ಹೊತ್ತಿನಲ್ಲಿ ಬಹಳ ಲೊಕ್ವೇಶಸ್ ಆಗಿದ್ದನು ಎಂದು ವಾಕ್ಯ.

"ಯಾರಂವಾ ಈ ರಾಯಭಾರಿ?" ಎಂದು ಮಗಳನ್ನು ಕೇಳಿದೆ. "ಯಾರ ಮನ್ಯಾಗ ಊಟಕ್ಕ ಹೋಗಿದ್ದ? ಏನಂತ ಅಷ್ಟು ಮಾತಾಡಿದ?"

"ಅವ್ವಾ, ಅಂವ ಯಾರೂ ಅಲ್ಲ. ಬರೇ ಎಗ್ಝಾಂಪಲ್."

"ಯಾರೂ ಅಲ್ಲದಾಂವ ಹ್ಯಾಂಗ ಮಾತಾಡಿದ?"

"ಅವ್ವಾ, ರೊಟ್ಟಿ ಹೊತ್ತಲಿಕ್ಕತ್ತದ ನೋಡು."

ಮುಂದೆ ಏಕಾದಶಿ ಬಂತು. ಸಾಬೂದಾಣಿ ಖಿಚಡಿ ಮಾಡಿದ್ದೆ. ಮೇಲಿನವರಿಗೊಂದು ತಾಟು ಕೊಟ್ಟು ಬರೋಣವೆಂದು ಹೊರಟವಳು, ಡಬ್ಬಿಯ ಚೀಟಿಯನ್ನೂ ಕಿತ್ತು ಕೈಯಲ್ಲಿ ಹಿಡಿದೆ. ಇಂಗ್ಲಿಷ್ ಪೇಪರ್ ಓದುವವರು, ರಾಯಭಾರಿಯ ಕಥೆ ಗೊತ್ತಿದ್ದೀತು ಎಂಬ ಆಸೆ. ಅಕ್ಕೋರು ಚೀಟಿ ಓದಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಎದುರಿಗಿದ್ದದ್ದು ಅವರಿಗೆ ಖರೆ ಅನ್ನಿಸದಿದ್ದರೆ ಕನ್ನಡಕ ಒರೆಸುತ್ತಾರೆಂಬುದು ನನಗೆ ಆಮೇಲೆ ಗೊತ್ತಾಯಿತು.

"ಈ ರಾಯಭಾರಿ ಮ್ಯಾಲೆ ನಿಮಗ ಸಂಶಯ ಬಂತಲ್ಲ, ಭಾಳ ಛಲೋ ಆತು. ನಾಳೆ ನಾಕಕ್ಕ ಬರ್ರಿ," ಎಂದರು.

ಹೀಗೆ ಸುರುವಾಯಿತು. ಗಂಡ ಕೊಂಢವಾದಲ್ಲಿ ನಳ, ಪೈಪಿನ ಅಂಗಡಿಗೆ ಹೋಗಿರುತ್ತಿದ್ದರು, ಮಗಳು ಕ್ಲಾಸಿಗೆ. ಸಂಜೆ ದೀಪ ಹಚ್ಚುವವರೆಗೆ ನನಗೆ ಬಿಡುವು. ಮೇಲೆ ಹೋದರೆ ಅಕ್ಕೋರು ತಮ್ಮ ಕುರ್ಚಿಯಲ್ಲಿ, ನಾನು ದಿವಾನದ ಅಂಚಿನಲ್ಲಿ, ನಡುವೆ ಸ್ಟೀಲ್ ತಾಟಿನಲ್ಲಿ ಚುರುಮುರಿ.

ಅವರ ಪದ್ಧತಿಯನ್ನು ಇವತ್ತಿನವರೆಗೆ ಬೇರೆ ಎಲ್ಲೂ ನೋಡಿಲ್ಲ. ಮೊದಲು ಅರ್ಥ ಮಾತ್ರ ಹೇಳುತ್ತಿದ್ದರು, ಅದೂ ನಮ್ಮ ಮಾತಿನಲ್ಲಿ. ಶಬ್ದ ಮರುದಿನ. "ಶಬ್ದ ಮೊದಲ ಕೊಟ್ಟರ ಬಾಯಿಪಾಠ ಮಾಡಿ ಬರತೀರಿ. ಅರ್ಥ ಕೊಟ್ಟು ಕಳಿಸಿದರ ಅದನ್ನ ಮನೀ ತುಂಬ ಹುಡುಕತೀರಿ," ಎನ್ನುತ್ತಿದ್ದರು. ಅವರು ಮೊದಲ ದಿನ ಕೊಟ್ಟ ಅರ್ಥ ಇದು: "ಕಾಲು ಹೋಗತದ. ಮನಸ್ಸು ಬಾಗಲದಾಗ ನಿಂತಿರತದ." ಅಷ್ಟೇ. ಆ ರಾತ್ರಿ ಭಾಂಡೆ ತಿಕ್ಕುವಾಗ, ಹಾಸಿಗೆ ಹಾಸುವಾಗ ಅದೇ ತಲೆಯಲ್ಲಿ. ಮರುದಿನ ಶಬ್ದ ಕೊಟ್ಟರು: ರಿಲಕ್ಟಂಟ್. ಅದು ಬಾಯಿಗೆ ಬರುವ ಮೊದಲೇ ನನಗೆ ಹಳೆಯ ಪರಿಚಯದವರ ಹಾಗೆ ಅನ್ನಿಸಿತು.

ಎರಡನೆಯದು ವಾಕ್ಯದ ಕಟ್ಟಳೆ. ಉದಾಹರಣೆಯ ವಾಕ್ಯ ಖರೆ ಇರಬೇಕು. ನಮಗೆ ಆದದ್ದು, ಇಲ್ಲವೇ ನಾವು ಕಣ್ಣಾರೆ ಕಂಡದ್ದು. ರಿಲಕ್ಟಂಟ್‌ಗೆ ನಾನು ಕೊಟ್ಟ ವಾಕ್ಯ: ಮದುವೆಯಾಗಿ ಪುಣೆಗೆ ಬರುವಾಗ ಸೊಲ್ಲಾಪುರದಲ್ಲಿ ಗಾಡಿ ಬದಲಿಸಿದಾಗ ನಾನು ರಿಲಕ್ಟಂಟ್ ಆಗಿದ್ದೆ. ಅಕ್ಕೋರು ಕುರ್ಚಿಯ ಕೈಯ ಮೇಲೆ ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದರು. ಖರೆ ವಾಕ್ಯಕ್ಕೆ ಅವರು ಹಾಕುತ್ತಿದ್ದ ಠಸ್ಸೆ ಅದು. ಇಷ್ಟು ವರ್ಷ ಯಾರಿಗೂ ಹೇಳದ ಮಾತನ್ನು ಒಂದು ಇಂಗ್ಲಿಷ್ ಶಬ್ದದ ನೆಪದಲ್ಲಿ ಹೇಳಿಬಿಟ್ಟೆನಲ್ಲ ಎಂದು ಮೆಟ್ಟಿಲಿಳಿಯುವಾಗ ನನಗೇ ಆಶ್ಚರ್ಯ.

ಒಮ್ಮೆ ಮಾತ್ರ ಮಗಳ ಗೈಡಿನಿಂದ ವಾಕ್ಯ ಕದ್ದೆ. ಮ್ಯಾಗ್ನಾನಿಮಸ್ ಎಂಬ ಶಬ್ದ. "ಸೇಡು ತೀರಿಸೋ ಅವಕಾಶ ಕೈಯಾಗ ಇರತದ. ತೀರಸೂದಿಲ್ಲ. ತೀರಸಲಿಲ್ಲಂತ ಯಾರ ಮುಂದೂ ಹೇಳೂದೂ ಇಲ್ಲ," ಎಂದು ಅರ್ಥ ಕೊಟ್ಟಿದ್ದರು. ರಾಜನು ಮ್ಯಾಗ್ನಾನಿಮಸ್ ಆಗಿದ್ದನು ಎಂದೆ.

ಕನ್ನಡಕ ಸೆರಗಿಗೆ ಹೋಯಿತು. "ಯಾವ ರಾಜಾ? ಹಡಪಸರದಾಗ ಎಲ್ಲಿ ಅದಾನ? ಹೋಗಿ ಬರೋಣ ನಡೀರಿ."

ತಲೆ ತಗ್ಗಿಸಿ ಬಂದೆ. ಮರುದಿನ ರೊಟ್ಟಿ ಬಡಿಯುವಾಗ ಹೊಳೆಯಿತು. ನಮ್ಮ ಅಂಗಡಿಯಲ್ಲಿ ಕೆಲಸ ಕಲಿತವನೊಬ್ಬ ಎದುರು ಸಾಲಿನಲ್ಲೇ ಅಂಥದೇ ಅಂಗಡಿ ತೆರೆದಿದ್ದ. ನಮ್ಮಲ್ಲಿ ಮಾಲು ಇಲ್ಲದಾಗ ನನ್ನ ಗಂಡ ಗಿರಾಕಿಯನ್ನು ಅವನ ಅಂಗಡಿಗೇ ಕಳಿಸುತ್ತಾರೆ. ಅದನ್ನು ನಾನು ಪೆದ್ದತನ ಎಂದುಕೊಂಡಿದ್ದೆ. ಅಕ್ಕೋರಿಗೆ ಹೇಳಿದಾಗ ಕುರ್ಚಿ ಟಕ್ ಟಕ್ ಎಂದಿತು. ಆ ಸಂಜೆ ಗಂಡನಿಗೆ ಚಹಾ ಕೊಡುತ್ತಾ, "ನೀವು ಮ್ಯಾಗ್ನಾನಿಮಸ್ ಇದ್ದೀರಂತ್ರಿ," ಎಂದೆ. ಅವರು ಬಶಿ ಕೆಳಗಿಟ್ಟು, "ಡಾಕ್ಟರಿಗೆ ತೋರಿಸಬೇಕೇನು?" ಎಂದರು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ಗಂಡನಿಗೆ ಹೊಂದುವ ಶಬ್ದವೊಂದು ಮೇಲಿನ ಮನೆಯಲ್ಲಿ ಸಿಕ್ಕಿತಲ್ಲ, ವಿಠ್ಠಲನ ದಯೆಯಲ್ಲದೆ ಮತ್ತೇನು.

ನಮ್ಮ ನಗು ಕೇಳಿ ಎದುರು ಮನೆಯ ಮಂಗಲಾತಾಯಿಯೂ ಬರತೊಡಗಿದಳು. ಮರಾಠಿಯವಳು, ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ಅವಳಿಗಾಗಿ ಅಕ್ಕೋರು ಅರ್ಥವನ್ನು ಮರಾಠಿಯಲ್ಲೂ ಹೇಳುತ್ತಿದ್ದರು. ಗ್ರಜ್ ಎಂಬ ಶಬ್ದದ ದಿನ, "ಸಿಟ್ಟು ಹಳೇದಾಗತದ, ಆದರ ಕೆಡೂದಿಲ್ಲ, ಉಪ್ಪಿನಕಾಯಿಹಂಗ," ಎಂದದ್ದೇ ತಡ, ಮಂಗಲಾತಾಯಿ ಮರುದಿನದವರೆಗೂ ಕಾಯದೆ ನಾದಿನಿ ಎರವಲು ಒಯ್ದ ನತ್ತಿನ ಕಥೆ ಸುರುಮಾಡಿದಳು. ಕಟ್ಟಡಕ್ಕೆಲ್ಲ ಕೇಳುವಷ್ಟು ಜೋರಾಗಿ. ಅಂದಿನಿಂದ ಅಕ್ಕೋರು ಮೂರನೆಯ ಕಟ್ಟಳೆ ಮಾಡಿದರು: ಇಲ್ಲಿ ಹೇಳಿದ ವಾಕ್ಯ ಮೆಟ್ಟಿಲು ಇಳಿಯಕೂಡದು. ನತ್ತಿನ ವಾಕ್ಯವನ್ನು ನಾನೀಗ ಇಳಿಸಿದ್ದು ಮಂಗಲಾತಾಯಿಯ ಒಪ್ಪಿಗೆಯಿಂದ. ಬರಿ, ಅವಳಿಗೂ ತಿಳೀಲಿ ಎಂದಿದ್ದಾಳೆ.

"ವಾಕ್ಯ ಖರೇನs ಯಾಕಿರಬೇಕ್ರಿ?" ಎಂದು ಒಮ್ಮೆ ಕೇಳಿದೆ.

"ಜನ್ಮೆಲ್ಲಾ ಬ್ಯಾರೆಯವರ ವಾಕ್ಯ ಟೈಪ್ ಮಾಡೀನಿ," ಎಂದರು. "ನೌಕರಿ ಇಲ್ಲಂತ ಹುಡುಗೂರಿಗೆ ಪತ್ರ ಹೋಗತಿತ್ತು. ವಿ ರಿಗ್ರೆಟ್ ಅಂತ ಸುರು. ನಮಗ ಭಾಳ ವಿಷಾದ ಆಗೇದ ಅಂತ. ಯಾರಿಗೆ ಆಗಿತ್ತು ವಿಷಾದ? ಸಾಹೇಬ ಬಿಸ್ಕೀಟು ತಿನಕೋತ ಹೇಳತಿದ್ದ, ನಾ ಟೈಪ್ ಮಾಡತಿದ್ದೆ. ಆ ಮಶೀನಿಗೂ ಆಗಿರಲಿಕ್ಕಿಲ್ಲ."

ನನ್ನ ಕುತೂಹಲ ಅಲ್ಲಿಗೇ ನಿಲ್ಲುತ್ತಿರಲಿಲ್ಲ. ಅವರ ಮನೆಯಲ್ಲಿ ದೇವರ ಫೋಟೋ ಒಂದೂ ಕಾಣಲಿಲ್ಲ. ಅದನ್ನೂ ಕೇಳಿಯೇಬಿಟ್ಟೆ. "ನಾ ಕೇಳೂದಿಲ್ಲ, ಆಂವ ಕೊಡೂದಿಲ್ಲ. ಇಬ್ಬರೂ ಆರಾಮ ಇದ್ದೀವಿ," ಎಂದರು. ನನಗೆ ಚುರುಕ್ಕೆಂದಿತು. ಮಲಗುವ ಮುಂಚೆ ಆ ದಿನದ ಒಳ್ಳೆಯದನ್ನು ವಿಠ್ಠಲನಿಗೆ ಹೇಳುವ ರೂಢಿ ನನ್ನದು: ನಳಕ್ಕೆ ನೀರು ಬಂತು, ಗಂಡನ ಕೆಮ್ಮು ಇಳಿಯಿತು, ಇಟ್ಟು ಮರೆತ ಹಾಲು ಉಕ್ಕಲಿಲ್ಲ. ಅದನ್ನು ಅವರಿಗೆ ಹೇಳಿದೆ.

"ಇದೆಲ್ಲಾ ಅವಗ ಗೊತ್ತಿರೂದಿಲ್ಲೇನು?"

"ಅವಗ ಗೊತ್ತಿರತದ್ರಿ. ನಾ ಮರೀಬಾರದಲ್ಲ, ಅದಕ್ಕ."

ಕುರ್ಚಿ ಟಕ್ ಟಕ್ ಎಂದಿತು. ಅವತ್ತು ವಾಕ್ಯವನ್ನೇ ಕೊಟ್ಟಿರಲಿಲ್ಲ ನಾನು.

ಇಷ್ಟೆಲ್ಲ ನಮ್ಮಿಂದ ಹೊರಡಿಸಿದವರು ತಮ್ಮದೊಂದು ವಾಕ್ಯವನ್ನೂ ಕೊಡುತ್ತಿರಲಿಲ್ಲ. "ಅಕ್ಕೋರ, ನಿಮ್ಮದು?" ಎಂದರೆ, "ನಂದು ನಾಳೆ," ಎಂದು ಚುರುಮುರಿ ತಾಟು ಮುಂದೆ ಸರಿಸುವರು. ಯಾಕೆ ಮದುವೆಯಾಗಲಿಲ್ಲ, ಧಾರವಾಡಕ್ಕೆ ಯಾಕೆ ಹೋಗುವುದಿಲ್ಲ, ಏನೂ ತಿಳಿಯಲಿಲ್ಲ. ಮಂಗಲಾತಾಯಿ ಮೆಟ್ಟಿಲಲ್ಲಿ ನನ್ನ ಕೈ ಚಿವುಟಿ, "ಏನೋ ಇದೆ ನೋಡು," ಎನ್ನುವಳು. ಏನಿದೆ ಎಂದು ಇಬ್ಬರಿಗೂ ಗೊತ್ತಿಲ್ಲ.

ಒಂದು ಬೆಳಿಗ್ಗೆ ದೀಪ ಹಚ್ಚಿದೆ, ಕುರ್ಚಿ ಎಳೆಯುವ ಸದ್ದು ಬರಲಿಲ್ಲ. ಊದುಬತ್ತಿ ಹಚ್ಚಿದೆ. ಬರಲಿಲ್ಲ. ಅವರ ಮನೆಯ ಒಂದು ಕೀಲಿ ನನ್ನ ಹತ್ತಿರ ಇರುತ್ತಿತ್ತು, ಹತ್ತಿ ಓಡಿದೆ. ಹಾಸಿಗೆಯ ಪಕ್ಕದಲ್ಲಿ ಬಿದ್ದಿದ್ದರು. ಕಣ್ಣು ತೆರೆದಿತ್ತು, ಬಾಯಿ ಒಂದು ಬದಿಗೆ ಹೊರಳಿತ್ತು. ಲಕವಾ ಹೊಡೆದಿತ್ತು. ಮಂಗಲಾತಾಯಿಯ ಮಗ ಗಾಡಿ ತೆಗೆದ. ಬೇಗ ತಂದದ್ದು ಒಳ್ಳೆಯದಾಯಿತು ಎಂದು ಆಸ್ಪತ್ರೆಯಲ್ಲಿ ಹೇಳಿದರು. ವಿಠ್ಠಲನ ಅಂದಿನ ದಯೆ ಅದು.

ಕಾಲು ಬಂದವು. ಬಲಗೈ ಅರ್ಧ ಬಂತು. ಮಾತು ಹೋಯಿತು. ಹೋಯಿತು ಎಂದರೆ ಪೂರ್ತಿ ಹೋಗಲಿಲ್ಲ. ಏನೋ ಹೇಳುತ್ತಿದ್ದರು, ತಡೆತಡೆದು. ನಾಶಿಕದಿಂದ ಅವರ ಅಣ್ಣನ ಮಗ ಬಂದಿದ್ದರು. ಒಳ್ಳೆಯ ಮನುಷ್ಯ. ಆಸ್ಪತ್ರೆಯ ಬೆಂಚಿನ ಮೇಲೆ ಮಲಗೆದ್ದು ಕಣ್ಣು ಕೆಂಪಾಗಿದ್ದವು. ಮನೆಗೆ ಕರೆತಂದ ಮರುದಿನ ನಾನು ಗಂಜಿ ತೆಗೆದುಕೊಂಡು ಹೋದಾಗ ಬಾಗಿಲಲ್ಲೇ ತಮ್ಮ ಸೋದರತ್ತೆಯ ಬಗ್ಗೆ ಹೇಳಿದರು: "ವೈನಿ, ಆತ್ಯಾಂದು ತಲೀನs ಹೋಗೇದ. ಬೆಳಗಿನಿಂದ ಒಂದs ಸಮನೆ ಏನೇನೋ ಅನ್ನಲಿಕ್ಕತ್ತಾಳ. ಹಾಲು ಕೊಟ್ಟೆ, ಬ್ಯಾಡ. ಚಪ್ಪಲಿ ಕೊಟ್ಟೆ, ಒಗದಳು."

ಒಳಗೆ ಅಕ್ಕೋರು ಕುರ್ಚಿಯಲ್ಲಿದ್ದರು. ನನ್ನನ್ನು ನೋಡಿ ಎಡಗೈ ಎತ್ತಿದರು.

"ಮುಂಜಾನೆ... ಬಾಗಲದಾಗ ಬೀಳತದ. ನಿನ್ನಿದು... ಇವತ್ತ ಹೇಳತದ."

"ಕೇಳಿದ್ರಿ?" ಎಂದರು ಅಣ್ಣನ ಮಗ.

ಇದು ಹುಚ್ಚು ಮಾತಲ್ಲ. ಇದು ನಾಲ್ಕು ಗಂಟೆಯ ಪಾಠ. ಅರ್ಥ ಇದೆ, ಶಬ್ದ ಇಲ್ಲ.

"ಪೇಪರ್!" ಎಂದೆ. "ಪೇಪರ್ ಕೇಳಲಿಕ್ಕತ್ತಾರ್ರೀ ಅವರು."

ಅಕ್ಕೋರು ಕಣ್ಣು ಮುಚ್ಚಿದರು. ಎಡಗೈಯ ಗೆಣ್ಣು ಕುರ್ಚಿಯ ಮೇಲೆ ಬಿತ್ತು. ಟಕ್ ಟಕ್.

ಆದರೆ ಒಂದು ಪೇಪರಿನಿಂದ ಅಣ್ಣನ ಮಗನಿಗೆ ನಂಬಿಕೆ ಬರಲಿಲ್ಲ. ಏನೋ ಅದೃಷ್ಟಕ್ಕೆ ಹೊಂದಿಕೊಂಡಿತು ಎಂದುಕೊಂಡರು. ಅವರ ರಜೆ ಮುಗಿಯುತ್ತ ಬಂದಿತ್ತು. ರವಿವಾರ ನಾಶಿಕಕ್ಕೆ ಕರೆದೊಯ್ಯುವುದು, ಈ ಮನೆ ಖಾಲಿ ಮಾಡುವುದು ಎಂದು ನಿರ್ಧಾರವಾಯಿತು. ಅಕ್ಕೋರ ಮನೆ, ಅಕ್ಕೋರ ಜೀವ, ಅವರೊಬ್ಬರನ್ನು ಬಿಟ್ಟು ಎಲ್ಲರೂ ಮಾತಾಡಿದರು. ಅವರ ಪರವಾಗಿ ನಾನೂ ಬಾಯಿ ಬಿಡಲಿಲ್ಲ. ರಕ್ತಸಂಬಂಧದವರು, ನಾನು ಯಾರು? ವಿಠ್ಠಲಾ, ಅವರ ಮನಸ್ಸಿನಲ್ಲಿ ಏನಿದೆಯೋ ಅದು ಹೊರಗೆ ಬರಲಿ ಎಂದಷ್ಟೇ ಬೇಡಿಕೊಂಡೆ. ಇಲ್ಲೇ ಇರಲಿ ಎಂದು ಬೇಡಲು ಧೈರ್ಯವಾಗಲಿಲ್ಲ, ಅವರೇ ಹೋಗಬೇಕೆಂದಿದ್ದರೆ?

ರವಿವಾರ ಬೆಳಿಗ್ಗೆ ಗಾಡಿ ಕೆಳಗೆ ನಿಂತಿತ್ತು. ಸೂಟ್‌ಕೇಸು ಬಾಗಿಲ ಹತ್ತಿರ. ನಾನು, ಮಂಗಲಾತಾಯಿ ಕುಂಕುಮ ಹಚ್ಚಲು ಹೋಗಿದ್ದೆವು. ಅಣ್ಣನ ಮಗ ಮೊಣಕಾಲೂರಿ ಅವರ ಕಾಲಿಗೆ ಚಪ್ಪಲಿ ತೊಡಿಸುತ್ತಾ, "ಆತ್ಯಾ, ನಡಿ, ನಮ್ಮ ಮನೀಗೆ ಹೋಗೋಣ. ಬರತೀಯಲ್ಲ?" ಎಂದರು.

ಅಕ್ಕೋರು ಚಪ್ಪಲಿ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಕಾಲು... ಹೋಗತದ," ಎಂದರು. "ಮನಸ್ಸು..." ಮುಂದೆ ಬರಲಿಲ್ಲ. ಎಡಗೈಯಿಂದ ಬಾಗಿಲು ತೋರಿಸಿದರು.

"ಹಿಂಗs ನೋಡ್ರಿ," ಎಂದರು ಅಣ್ಣನ ಮಗ, ದಣಿದ ದನಿಯಲ್ಲಿ. "ಸಂಬಂಧ ಇಲ್ಲ, ಏನಿಲ್ಲ."

"ಸಂಬಂಧ ಅದರೀ," ಎಂದೆ. "ರಿಲಕ್ಟಂಟ್ ಅಂತ ಇಂಗ್ಲಿಷಿನ್ಯಾಗ. ಅವರs ಕಲಿಸಿದ್ದು ನನಗ. ಮೊದಲನೇ ಶಬ್ದ."

ಅವರು ಚಪ್ಪಲಿ ಹಿಡಿದೇ ಉಳಿದರು. ನಾನು ಅಕ್ಕೋರ ಕಡೆ ತಿರುಗಿದೆ. ಎಲ್ಲಿಂದ ಧೈರ್ಯ ಬಂತೋ, ದಿನಾ ಕೇಳುತ್ತಿದ್ದ ಹಾಗೆಯೇ ಕೇಳಿದೆ: "ಅಕ್ಕೋರ, ವಾಕ್ಯ? ನಿಮ್ಮದು?"

ಬಹಳ ಹೊತ್ತು ಹಿಡಿಯಿತು. ತುಟಿ ಅಲುಗಿತು, ನಿಂತಿತು, ಮತ್ತೆ ಅಲುಗಿತು. ಕೆಳಗೆ ಗಾಡಿಯವನು ಹಾರ್ನ್ ಹೊಡೆದ.

"ಐ," ಎಂದರು. "ಐ ಆ್ಯಮ್... ರಿಲಕ್ಟಂಟ್."

ಅದು ನಮಗೆ ಅವರು ಕೊಟ್ಟ ಮೊದಲ ವಾಕ್ಯ. ಯಾರೂ ಠಸ್ಸೆ ಹಾಕಲಿಲ್ಲ. ಮಂಗಲಾತಾಯಿ ಅಳುತ್ತಿದ್ದಳು, ಅಳುತ್ತಲೇ ಹೋಗಿ ಗ್ಯಾಲರಿಯಿಂದ ಗಾಡಿಯವನಿಗೆ ಬೈದಳು.

ಅಣ್ಣನ ಮಗ ನೆಲದ ಮೇಲೆ ಕೂತುಬಿಟ್ಟರು. "ಆತ್ಯಾ, ನಿನಗ ಎಲ್ಲಾ ತಿಳೀತದೇನು?" ಎಂದು ಕೇಳಿದರು. ಅಕ್ಕೋರು ಹೌದೆಂದು ತಲೆ ಅಲ್ಲಾಡಿಸಿ, ಆ ಅರ್ಧ ಬಂದ ಬಲಗೈಯನ್ನು ಅಣ್ಣನ ಮಗನ ತಲೆಯ ಮೇಲಿಟ್ಟರು. "ಆದರ ಇಲ್ಲಿ ನೋಡೋರು ಯಾರ್ರೀ?" ಎಂದು ಅವರು ನಮ್ಮತ್ತ ತಿರುಗಿದ್ದೇ ತಡ, ಮಂಗಲಾತಾಯಿ ಸೊಂಟದ ಮೇಲೆ ಕೈಯಿಟ್ಟು, "ಆಮ್ಹಿ ಕಾಯ ಮೇಲೋ ಕಾ?" ಎಂದಳು. ನಾವೇನು ಸತ್ತಿದ್ದೇವೆಯೇ ಎಂದು.

ಹೀಗೆ ಗಾಡಿ ಖಾಲಿ ಹೋಯಿತು. ಹಗಲಿಡೀ ನೋಡಿಕೊಳ್ಳಲು ಒಬ್ಬ ಹೆಂಗಸನ್ನು ಗೊತ್ತುಮಾಡಿದರು. ಅಣ್ಣನ ಮಗ ಬಿಡುವಾದಾಗಲೆಲ್ಲ ಬಂದು ಹೋಗುತ್ತಿದ್ದರು. ಬೆಳಿಗ್ಗೆ ಕುರ್ಚಿಯನ್ನು ಆ ಹೆಂಗಸು ಎಳೆಯುತ್ತಿದ್ದಳು. ಸದ್ದು ಮಾತ್ರ ಅದೇ.

ನಾಲ್ಕು ಗಂಟೆಯ ಪಾಠ ಮತ್ತೆ ನಡೆಯಿತು. ಮೊದಲು ಅವರು ಬೇಕೆಂದೇ ಶಬ್ದ ಬಚ್ಚಿಡುತ್ತಿದ್ದರು. ಈಗ ಅವರಿಗೇ ಸಿಗುತ್ತಿರಲಿಲ್ಲ, ನಾವು ಹುಡುಕಿ ಕೊಡುತ್ತಿದ್ದೆವು. ಬಾಚಣಿಗೆ, ಕಿಡಕಿ, ಬೇಸರ, ಜೀರಿಗೆ. ಒಮ್ಮೆ, "ಮೊದಲ ಕೇಳಸತದ... ಆಮ್ಯಾಲೆ ಕಾಣಸತದ," ಎಂದರು. ವಿಮಾನವೇ? ಅಲ್ಲ. ಗುಡುಗೇ? ಅಲ್ಲ. ಅಷ್ಟರಲ್ಲಿ ಮೆಟ್ಟಿಲಲ್ಲಿ ಮಂಗಲಾತಾಯಿಯ ದನಿ ಬಂತು, ಅಕ್ಕೋರು ಬಾಗಿಲ ಕಡೆ ಬೊಟ್ಟು ಮಾಡಿದರು. ನಕ್ಕು ನಕ್ಕು ನನಗೆ ಉಸಿರು ಹತ್ತಿತು. "ಏನಾಯ್ತು? ಏನಾಯ್ತು?" ಎಂದು ಅವಳು ಕೇಳಿದಷ್ಟೂ ನಗು. ನನ್ನ ಹೆಸರೂ ಅವರಿಗೆ ಕೊನೆಯವರೆಗೆ ಬರಲಿಲ್ಲ. "ಕೆಳಗಿಂದ ವಾಸನಿ ಬರತದ, ಆಮ್ಯಾಲೆ ತಾಟು ಬರತದ," ಎನ್ನುತ್ತಿದ್ದರು. ಅದು ನಾನು. ಅಪ್ಪ ಇಟ್ಟ ಹೆಸರಿಗಿಂತ ನನಗೆ ಅದೇ ಹೆಚ್ಚು ಹೊಂದುತ್ತಿತ್ತೋ ಏನೋ.

ಹೋದ ತಿಂಗಳು ಒಂದು ಸಂಜೆ ನಾನೊಬ್ಬಳೇ ಇದ್ದೆ. ಚುರುಮುರಿ ಮೆತ್ತಗಾಗಿದೆ ಎಂದು ಬೇರೆ ಹುರಿದು ತಂದಿದ್ದೆ. ದೀಪ ಹಚ್ಚುವ ಹೊತ್ತಾಯಿತೆಂದು ಎದ್ದಾಗ ನನ್ನ ಕೈ ಹಿಡಿದು ಕೂಡಿಸಿದರು.

"ಕೇಳಿದ್ದಲ್ಲ," ಎಂದರು. "ಬಂತು. ಬಂದಮ್ಯಾಲೆ... ಗೊತ್ತಾತು. ಇದs ಬೇಕಾಗಿತ್ತು."

"ಚಹಾ ಏನ್ರಿ?" ಎಂದೆ. ಅಲ್ಲ. "ಮಳೀನ?" ಅಲ್ಲ. "ನಿದ್ದೀನ? ನಾಶಿಕದಿಂದ ಫೋನ್ ಬಂತೇನು?" ಯಾವುದೂ ಅಲ್ಲ. ಬೇರೆ ದಿನ ಶಬ್ದ ಸಿಗದಿದ್ದರೆ ಅವರ ಹಣೆ ಗಂಟಿಕ್ಕುತ್ತಿತ್ತು, ಕೈ ಚಡಪಡಿಸುತ್ತಿತ್ತು. ಅವತ್ತು ಅದೇನೂ ಇರಲಿಲ್ಲ. ಮೊದಲಿನ ದಿನಗಳ ಹಾಗೆ ಕುರ್ಚಿಗೊರಗಿ, ತಾಟು ನನ್ನ ಕಡೆ ಸರಿಸಿ, "ನಾಳೆ," ಎಂದರು. ಆ ಶಬ್ದ ಅವರ ಹತ್ತಿರ ಇತ್ತೋ, ಇರಲಿಲ್ಲವೋ, ಇವತ್ತಿಗೂ ನನಗೆ ತಿಳಿಯದು.

ಮರುದಿನ ಬೆಳಿಗ್ಗೆ ನಾನು ದೀಪ ಹಚ್ಚಿದೆ. ಕುರ್ಚಿಯ ಸದ್ದು ಬರಲಿಲ್ಲ.

ನಿದ್ದೆಯಲ್ಲೇ ಹೋಗಿದ್ದರು. ಅಣ್ಣನ ಮಗ ಬಂದು ಎಲ್ಲ ವಿಧಿ ಮಾಡಿದರು. ಕುರ್ಚಿಯನ್ನು ಅವರೇ ಹೊತ್ತು ಗಾಡಿಯಲ್ಲಿಟ್ಟುಕೊಂಡು ನಾಶಿಕಕ್ಕೆ ಒಯ್ದರು. ಮೇಲಿನ ಮನೆಗೆ ಈಗ ಬೀಗ.

ಮಗಳು ಈಗ ಮಗರಪಟ್ಟಾದಲ್ಲಿ ಕೆಲಸಕ್ಕಿದ್ದಾಳೆ. ಆ ಅರ್ಥವನ್ನು ಅವಳಿಗೆ ಹೇಳಿದೆ. ಫೋನಿನಲ್ಲಿ ಹುಡುಕಿ, "ಅವ್ವಾ, ಇದಿರಬೇಕು. ಇಲ್ಲಾ ಇದು. ಇದೂ ಇರಬಹುದು," ಎಂದು ಸಾಲಾಗಿ ಶಬ್ದ ಓದಿದಳು. ನಾನು ಒಂದೊಂದನ್ನೂ ಹಚ್ಚಿ ನೋಡಿದೆ. ಚೆಂದದ ಶಬ್ದಗಳೇ. ಆದರೆ ಯಾವುದಕ್ಕೂ ಅಕ್ಕೋರ ಗೆಣ್ಣು ಬಡಿದ ಹಾಗೆ ಅನ್ನಿಸಲಿಲ್ಲ. ಫೋನ್ ಇಡು ಎಂದೆ. ದೇವರನ್ನು ಏನೂ ಕೇಳದವರಿಗೆ, ಕೇಳದೆಯೇ ಬಂದದ್ದು ಏನು? ರೊಟ್ಟಿ ಬಡಿಯುವಾಗ ದಿನಾ ಅದೇ ಯೋಚನೆ.

ಶಬ್ದ ಬಂದಾಗ ಬರಲಿ, ಅವಸರವಿಲ್ಲ. ವಾಕ್ಯ ಸಿದ್ಧ ಇಟ್ಟುಕೊಂಡಿದ್ದೇನೆ, ಪೂರಾ ಖರೆ ವಾಕ್ಯ. ಮಲಗುವ ಮುಂಚೆ ವಿಠ್ಠಲನಿಗೆ ಆ ದಿನದ ಒಳ್ಳೆಯದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಕೊನೆಗೆ ಅದನ್ನು ಹೇಳುತ್ತೇನೆ: ಹಡಪಸರದಲ್ಲಿ, ನಮ್ಮ ಅಡುಗೆಮನೆಯ ಮೇಲೆ, ಒಬ್ಬರು ಅಕ್ಕೋರು ಇದ್ದರು. ಹೇಳಿ, ಸ್ವಲ್ಪ ಹೊತ್ತು ಮೇಲಕ್ಕೆ ಕಿವಿಗೊಟ್ಟು ಕೂಡುತ್ತೇನೆ.